ಲೈಸೆನ್ಸಿಲ್ಲದ ಹೊಲದಲ್ಲಿ ಎಳ್ಳಮಾವಾಸ್ಯೆ

ಗಾಂಜಾ ಎಂಬ ಮಾತು ಕಿವಿಗೆ ಬಿದ್ದರೆ ಸಾಕು, ನಮ್ಮಪ್ಪ ಕೂತ ಕುರ್ಚಿಯಲ್ಲೇ ನೆಟ್ಟಗಾಗುತ್ತಿದ್ದರು. ಅಬಕಾರಿ ಇಲಾಖೆಗೆ ಜವಾನರಾಗಿ, ಎಂದರೆ ಕಾನ್ಸ್ಟೇಬಲ್ಲಾಗಿ, ಸೇರಿ ಸಬ್ ಇನ್ಸ್‌ಪೆಕ್ಟರಾಗಿ ನಿವೃತ್ತರಾದವರು ಅವರು. ತೊಗರಿ ಸಾಲಿನ ನಡುವೆ, ಅರಿಶಿನದ ಮಡಿಯೊಳಗೆ ಕದ್ದು ಬೆಳೆದ ಗಾಂಜಾ ಗಿಡಗಳನ್ನು ಕೀಳುವುದು, ಪಂಚರನ್ನು ಕರೆದು ಪಂಚನಾಮೆ ಬರೆಯುವುದು, ಸುಡುವುದು, ಇದರಲ್ಲೇ ಅವರ ಸರ್ವೀಸಿನ ಮುಕ್ಕಾಲು ಭಾಗ ಕಳೆದಿತ್ತು. ಹೈದರಾಬಾದಿನ ಹಿಮಾಯತ್‌ನಗರದ ಓಣಿಯ ಹಳೇ ಮನೆಯಲ್ಲಿ ಪೇಪರ್ ಓದುತ್ತ ಕೂತ ಮೇಲೂ ಚಾಳಿ ಹೋಗಿರಲಿಲ್ಲ. ಕುಂಡದಲ್ಲಿ ತಾನಾಗಿ ಹುಟ್ಟಿದ ಯಾವ ಸಸಿ ಕಂಡರೂ ಎಲೆ ತಿಕ್ಕಿ ಮೂಸುತ್ತಿದ್ದರು. ಅವ್ವನ ತುಳಸಿಯನ್ನೂ ಬಿಟ್ಟವರಲ್ಲ.

ಅವರಿಗಿದ್ದ ದೊಡ್ಡ ಬೇಸರ ಗಿಡದ್ದಲ್ಲ, ಹೊಲದವರದು. ಊಟಕ್ಕೆ ಕೂತಾಗಲೆಲ್ಲ ಅದೇ ಪುರಾಣ: "ಇಷ್ಟ ವರ್ಷದಾಗ ಒಬ್ಬನರ 'ಹೌದ್ರಿ, ಈ ಹೊಲ ನಂದ' ಅಂದಿದ್ದ್ರ ಕೇಳು! ಎಲ್ಲಾರದೂ ಒಂದ ಮಾತು, 'ಗಿಡ ಬಾಜೂದವನ ಹದ್ದಿನಾಗ ಅದಾವ್ರಿ' ಅಂತ. ನಾವು ಹೋಗೂದ್ರಾಗ ಹದ್ದಿನ ಕಲ್ಲಿಗೆ ಕಾಲು ಬಂದಿರ್ತಿದ್ದುವು."

ಇಂಥವರ ಒಬ್ಬಳೇ ಮಗಳಾದ ನಾನು ಮದುವೆಯಾದರೆ ಇವನನ್ನೇ ಎಂದು ಹಟ ಹಿಡಿದದ್ದು ಯಾರನ್ನು? ಅದೇ ಜಾತಿಯ ಗಿಡ ಬೆಳೆಯುತ್ತೇನೆಂದು ಹೊರಟ ಹುಡುಗನನ್ನು! ನಗಬೇಕೋ ಅಳಬೇಕೋ ತಿಳಿಯದೆ ಅವ್ವ ಆ ವರ್ಷವೆಲ್ಲ ಎರಡನ್ನೂ ಮಾಡಿದಳು.

ಆಗ ನಾನು ಹಿಮಾಯತ್‌ನಗರದ ದೊಡ್ಡ ರಸ್ತೆಯಲ್ಲೇ, ಸೀರೆ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿ ಕೆಲಸಕ್ಕಿದ್ದೆ. ಜನರಿಗೆ ಸರ್ಕಾರದ ಲೈಸೆನ್ಸ್ ಮಾಡಿಸಿಕೊಡುವ ಆಫೀಸು. ಹೋಟೆಲಿಗೊಂದು, ಔಷಧದಂಗಡಿಗೊಂದು, ನೀರಿನ ಕ್ಯಾನ್ ತುಂಬುವವರಿಗೊಂದು. ಯಾವ ಕಾಗದಕ್ಕೆ ಯಾವ ಮೇಜಿನ ಸಹಿ ಬೇಕು ಎಂಬುದೆಲ್ಲ ನನಗೆ ಬಾಯಿಪಾಠ. ಊರಿನ ಪಶ್ಚಿಮಕ್ಕೆ ಗಾಜಿನ ಕಟ್ಟಡಗಳು ಒಂದರ ಬೆನ್ನಿಗೆ ಒಂದು ಏಳುತ್ತಿದ್ದ ಕಾಲ. ಅಲ್ಲಿ ನಾಲ್ಕು ವರ್ಷ ಕಂಪ್ಯೂಟರ್ ಮುಂದೆ ಕೂತ ಹುಡುಗರಿಗೆಲ್ಲ ಇದ್ದಕ್ಕಿದ್ದಂತೆ ಬೇರೇನಾದರೂ ಮಾಡಬೇಕೆನಿಸುತ್ತಿತ್ತು. ಒಬ್ಬ ಕತ್ತೆ ಹಾಲಿನ ಡೇರಿ ಮಾಡುತ್ತೇನೆಂದು ಬಂದ, ಇನ್ನೊಬ್ಬ ಚಹಾ ಕುಡಿದ ಮೇಲೆ ತಿನ್ನಬಹುದಾದ ಕಪ್ಪು ಮಾಡುತ್ತೇನೆಂದು ಬಂದ. ಹಾಗೆಯೇ ಒಂದು ಶನಿವಾರ ಈತ ಬಂದ.

ಇಂಡಸ್ಟ್ರಿಯಲ್ ಹೆಂಪ್ ಬೆಳೆಯಲು ಲೈಸೆನ್ಸ್ ಬೇಕು ಎಂದು ಹಿಂದಿಯಲ್ಲಿ ಕೇಳಿದ. ನಾನು ತಲೆಯೆತ್ತದೆ, "ಅದು ಗಾಂಜಾ, ಆಗುವುದಿಲ್ಲ" ಎಂದು ಹಿಂದಿಯಲ್ಲೇ ಹೇಳಿದೆ. ಜಾತಿ ಒಂದೇ ಆದರೂ ಇದರಲ್ಲಿ ನಶೆ ಇಲ್ಲವೆನ್ನುವಷ್ಟು ಕಡಿಮೆ, ಕಾಂಡದ ನಾರು ತೆಗೆದು ಬಟ್ಟೆ ನೇಯುತ್ತಾರೆ ಎಂದು ಹೇಳಿ, ಚೀಲದಿಂದ ಬೂದು ಬಣ್ಣದ ನಾರಿನ ಕಂತೆಯೊಂದನ್ನು ತೆಗೆದು ನನ್ನ ಮೇಜಿನ ಮೇಲಿಟ್ಟ. ಅಷ್ಟರಲ್ಲಿ ಅವನ ಫೋನ್ ರಿಂಗಾಯಿತು. ನನಗೆ ಬೆನ್ನು ಮಾಡಿ ನಿಂತು, "ಹೂಂ ಅವ್ವಾ, ಬಂದೀನಿ. ಇಲ್ಲೊಬ್ಬರು ಅಕ್ಕಾರು ಕುಂತಾರ, ಭಾಳ ಸಿಟ್ಟಿನವರದಾರ. ಕಡ್ಡಿ ಮುರದಂಗ ಆಗೂದಿಲ್ಲ ಅನ್ನಾಕತ್ತಾರ" ಎಂದ.

"ಅಕ್ಕಾರು ಅಲ್ಲ್ರಿ, ನಿಮಗಿಂತ ಸಣ್ಣಾಕಿ ಅದೀನಿ," ಎಂದೆ ನಾನು. "ಮತ್ತ ಸಿಟ್ಟು ಇನ್ನಾ ಬಂದಿಲ್ಲ. ಬಂದಾಗ ನೋಡೀರಂತ."

ಫೋನಿನಲ್ಲಿ ಅವನ ತಾಯಿ ಜೋರಾಗಿ ನಕ್ಕದ್ದು ನನ್ನ ಮೇಜಿನವರೆಗೂ ಕೇಳಿಸಿತು.

ಬೀದರ್ ಕಡೆಯಿಂದ ಬಂದು ಸುಲ್ತಾನ್ ಬಜಾರಿನಲ್ಲಿ ಬಟ್ಟೆ ಅಂಗಡಿ ಇಟ್ಟ ಮನೆತನ ಅವರದು. ತಂದೆ ತೀರಿಕೊಂಡ ಮೇಲೆ ಅಂಗಡಿಯನ್ನು ತಾಯಿಯೇ ನಡೆಸುತ್ತಿದ್ದರು. ಶಂಶಾಬಾದಿನಿಂದ ಸ್ವಲ್ಪ ಆಚೆ, ತಂದೆ ಬಹಳ ಹಿಂದೆ ಕೊಂಡಿಟ್ಟ ಹೊಲವೊಂದಿತ್ತು. ವಿಮಾನ ನಿಲ್ದಾಣ ಬಂದ ಮೇಲೆ ಸುತ್ತಲಿನವರೆಲ್ಲ ಹೊಲ ಮಾರಿ ಫ್ಲ್ಯಾಟು ಕೊಂಡಿದ್ದರು. ಇವನು ಮಾತ್ರ ವಾರವೆಲ್ಲ ಸಾಫ್ಟ್‌ವೇರ್, ಶನಿವಾರ ಭಾನುವಾರ ಟೊಮೆಟೊ. ತನ್ನ ಹೊಲದ ನಾರಿನ ಬಟ್ಟೆ ತನ್ನ ಅಂಗಡಿಯಲ್ಲೇ ಮಾರಬೇಕು ಎಂಬುದು ಅವನ ಆಸೆ. ನಾನು ಅವನನ್ನು ಶನಿವಾರದ ರೈತ ಎಂದು ಕರೆಯತೊಡಗಿದೆ.

ಲೈಸೆನ್ಸಿನ ಕತೆ ಹೀಗಿತ್ತು. ಕೇಂದ್ರದ ಕಾಯ್ದೆ ಆ ಗಿಡವನ್ನೇ ನಿಷೇಧಿಸುತ್ತದೆ. ಆದರೆ ಬರೀ ನಾರಿಗಾಗಿ, ಬೀಜಕ್ಕಾಗಿ ಬೆಳೆಯುವುದಾದರೆ ವಿಶೇಷ ಅನುಮತಿ ಕೊಡಬಹುದು ಎಂದು ಒಂದು ಕಿಟಕಿ ಬಿಟ್ಟಿದೆ. ಆ ಕಿಟಕಿ ತೆರೆಯಲು ರಾಜ್ಯ ತನ್ನದೇ ನಿಯಮ ಮಾಡಿಕೊಳ್ಳಬೇಕು. ಉತ್ತರದ ಬೆಟ್ಟದ ರಾಜ್ಯವೊಂದು ಮಾಡಿಕೊಂಡಿತ್ತು. ಅಲ್ಲಿ ಜಮೀನಿನ ಕಾಗದ ತೋರಿಸಬೇಕು, ನಡತೆ ಒಳ್ಳೆಯದೆಂದು ಬರೆಸಿಕೊಂಡು ಬರಬೇಕು, ಬೀಜ ಎಲ್ಲಿಯದು, ಎಷ್ಟು ಬಿತ್ತುತ್ತೀ, ನಾರನ್ನು ಯಾರಿಗೆ ಕೊಡುತ್ತೀ ಎಂಬುದನ್ನೆಲ್ಲ ಮೊದಲೇ ಹೇಳಬೇಕು. ಬೆಳೆ ಎದ್ದ ಮೇಲೆ ಅಧಿಕಾರಿ ಬಂದು ಮಾದರಿ ಕಿತ್ತು ಪರೀಕ್ಷೆಗೆ ಕಳಿಸುತ್ತಾರೆ. ನಶೆಯ ಅಂಶ ನೂರಕ್ಕೆ ಸೊನ್ನೆ ಪಾಯಿಂಟ್ ಮೂರು ದಾಟಿತೋ, ಇಡೀ ಬೆಳೆಗೆ ಬೆಂಕಿ. ನಮ್ಮಲ್ಲಿ ಇಷ್ಟು ಕಷ್ಟವೂ ಇರಲಿಲ್ಲ, ಏಕೆಂದರೆ ನಿಯಮವೇ ಇರಲಿಲ್ಲ. ಅರ್ಜಿ ಹಾಕೋಣವೆಂದರೆ ಅರ್ಜಿಯ ನಮೂನೆಯೇ ಹುಟ್ಟಿರಲಿಲ್ಲ!

ಆದರೂ ನಾವಿಬ್ಬರೂ ಆಫೀಸಿನಿಂದ ಆಫೀಸಿಗೆ ಅಲೆದೆವು. ಕೃಷಿ ಇಲಾಖೆಯವರು ಅಬಕಾರಿಯವರನ್ನು ಕೇಳಿ ಎಂದರು, ಅಬಕಾರಿಯವರು ಬಟ್ಟೆಯ ವಿಷಯ ನಮ್ಮದಲ್ಲ ಎಂದರು. ಒಬ್ಬ ಹಿರಿಯ ಅಧಿಕಾರಿಯಂತೂ ನಮಗೆ ಚಹಾ ಕೊಡಿಸಿ, ನಾರನ್ನು ಎಳೆದೆಳೆದು ನೋಡಿ, "ನಿಯಮ ಬಂದ ದಿನ ಮೊದಲ ಫೋನು ನಿಮಗೇ" ಎಂದು ಪ್ರೀತಿಯಿಂದ ಸಾಗಹಾಕಿದರು. ಪ್ರತಿ ಅಲೆದಾಟದ ಕೊನೆಗೆ ಇರಾನಿ ಹೋಟೆಲಿನ ಚಹಾ, ಉಸ್ಮಾನಿಯಾ ಬಿಸ್ಕತ್ತು. ಕೆಲಸ ಆಗದಿದ್ದಷ್ಟೂ ನನಗೆ ಒಳಗೊಳಗೇ ಖುಷಿ.

ನಮ್ಮ ಆಫೀಸಿಗೆ ಬಂದವರೆಲ್ಲ ಕೊನೆಗೆ ದನಿ ತಗ್ಗಿಸಿ, "ಏನರ ಮಾಡ್ರಿ ಮೇಡಂ, ಹೆಂಗರ ಮಾಡ್ರಿ" ಎನ್ನುತ್ತಿದ್ದರು. ಇವನು ಒಂದು ಸಲವೂ ಹಾಗೆನ್ನಲಿಲ್ಲ. "ನಿಯಮ ಏನೈತಿ ಹೇಳ್ರಿ" ಎನ್ನುತ್ತಿದ್ದ, ಹೇಳಿದ್ದನ್ನು ಕಿವಿಗೊಟ್ಟು ಕೇಳುತ್ತಿದ್ದ. ಹೊಲದಲ್ಲಿ ಇಂಥ ಗಿಡ ಕಂಡರೆ ಹೊಲದವನೇ ಹೋಗಿ ಅಧಿಕಾರಿಗಳಿಗೆ ತಿಳಿಸಬೇಕೆಂಬ ಕಲಮು ಕಾಯ್ದೆಯಲ್ಲಿದೆ ಎಂದು ನಾನು ಒಮ್ಮೆ ಓದಿ ಹೇಳಿದಾಗ, "ಅದು ಖರೇ ಮಾತು, ಹೊಲದವಗ ಗೊತ್ತಿರಬೇಕಲ್ಲ" ಎಂದ. ನನಗೆ ಅವನು ಭಾಳ ಸೇರಿದ. ಸುತ್ತಿ ಬಳಸಿ ಹೇಳುವುದೇನಿದೆ?

ಇಬ್ಬರೂ ಒಪ್ಪಿ ಮನೆಯಲ್ಲಿ ಹೇಳಿದ ದಿನ ಅಪ್ಪ ತಟ್ಟೆಯಿಂದ ಕೈ ಎತ್ತಿದರು. "ಗಾಂಜಾ ಕಿತ್ತು ಕಿತ್ತು ನನ್ನ ಸೊಂಟ ಹಿಡಕೊಂಡೈತಿ. ಅಳಿಯ ಅದನ್ನ ಬಿತ್ತತಾನಂತ! ಶಾಬಾಸ್!"

"ಗಾಂಜಾ ಅಲ್ಲಪ್ಪಾ, ಹೆಂಪ್."

"ಹೆಸರು ಬದಲ್ ಮಾಡಿದ್ರ ಎಲಿ ಬದಲ್ ಆಗ್ತಾವೇನು?"

ಅವ್ವ ನಡುವೆ ಬಂದು, ಹುಡುಗನನ್ನು ಒಮ್ಮೆ ನೋಡುವುದರಲ್ಲಿ ನಮ್ಮ ಗಂಟೇನು ಹೋಗುತ್ತದೆ ಎಂದಳು. ಅವನೂ ತಾಯಿಯೂ ಬಂದರು. ಅಪ್ಪ ಅವನನ್ನು ಆರೋಪಿಯನ್ನು ಕೂರಿಸಿದಂತೆ ಕೂರಿಸಿಕೊಂಡು ಬೀಜ ಇದೆಯೇ ಎಂದು ಕೇಳಿದರು. ಮಾದರಿಗೆಂದು ಉತ್ತರದಿಂದ ನಾರಿನ ಜತೆ ಒಂದು ಡಬ್ಬಿ ಬೀಜ ಬಂದಿದೆ, ಲೈಸೆನ್ಸ್ ಬರುವವರೆಗೆ ಅಡುಗೆಮನೆಯ ಅಟ್ಟದ ಮೇಲಿಟ್ಟಿದ್ದೇನೆ ಎಂದು ಅವನು ಇದ್ದದ್ದನ್ನು ಇದ್ದ ಹಾಗೆ ಹೇಳಿದ. ಅವನ ತಾಯಿ ಸಲಿಗೆಯಿಂದ, "ಬೀಗರ, ಚಹಾ ಆರಾಕತ್ತೈತಿ ನೋಡ್ರಿ" ಎಂದರೆ ಅಪ್ಪ, "ಇನ್ನಾ ಬೀಗರ ಆಗಿಲ್ಲ್ರಿ" ಎಂದು ಗುರ್ರೆಂದರು. ಕೊನೆಗೆ ತೀರ್ಪು ಬಂತು.

"ಲೈಸೆನ್ಸ್ ಬಂದ ದಿನ ಬಿತ್ತರಿ, ಬೇಕಾದ್ರ ನಾನೇ ಬಂದು ಬಿತ್ತತೀನಿ. ಆದ್ರ ಅದಕ್ಕ ಮೊದಲ ನಿಮ್ಮ ಹೊಲದಾಗ ಅದರ ಒಂದ ಎಲಿ ನನ್ನ ಕಣ್ಣಿಗೆ ಬಿತ್ತೋ, ಈ ಸಂಬಂಧ ಖಲಾಸ್. ಕಬೂಲ್?"

"ಕಬೂಲ್ ರೀ," ಎಂದ ಅವನು.

ಎಳ್ಳಮಾವಾಸ್ಯೆ ಬಂತು. ನಮ್ಮ ಕಡೆಯವರಿಗೆ ಆ ದಿನ ಮನೆಯಲ್ಲಿ ಉಂಡರೆ ಉಂಡಂತಲ್ಲ, ಹೊಲದಲ್ಲೇ ಉಣ್ಣಬೇಕು. ಹೈದರಾಬಾದಿನಲ್ಲಿ ಹೊಲ ಎಲ್ಲಿಂದ ತರುವುದು? ಅಪ್ಪ ಎಷ್ಟೋ ವರ್ಷದಿಂದ ಮಹಡಿಯ ಮೇಲೆ ಕೂತು, ಮೊಬೈಲ್ ಟವರ್ ನೋಡುತ್ತ ಸಜ್ಜೆ ರೊಟ್ಟಿ ತಿನ್ನುತ್ತಿದ್ದರು. ಹುಡುಗನ ತಾಯಿ ಕರೆ ಕಳಿಸಿದಾಗ, "ಹೊಲಕ್ಕ ಉಣ್ಣಾಕ ಕರದ್ರ ಒಲ್ಲೆ ಅನಬಾರದು, ಸಂಬಂಧದ ಮಾತು ಬ್ಯಾರೆ" ಎಂದು ಬಿಳಿ ಧೋತರ ತೆಗೆಸಿಕೊಂಡರು.

ಎಷ್ಟು ಚಂದದ ದಿನವದು! ಜೋಳದ ದಂಟಿನ ಸಣ್ಣ ಗೂಡು, ಅದರೊಳಗೆ ಸುಣ್ಣ ಹಚ್ಚಿದ ಐದು ಕಲ್ಲಿನ ಪಾಂಡವರು, ಮೇಲೆ ವಿಮಾನಗಳ ಸದ್ದು. ಭಜ್ಜಿ, ಸಜ್ಜೆ ಕಡುಬು, ಶೇಂಗಾ ಹೋಳಿಗೆ. ಪೂಜೆ ಮುಗಿದ ಮೇಲೆ ಭೂಮಿತಾಯಿಗೆ ಚರಗ ಚೆಲ್ಲಬೇಕು. ಮಾಡಿದ ಅಡಿಗೆ, ಮನೆಯ ಕಾಳುಕಡಿ ಎಲ್ಲ ಕಲಸಿದ ಬುಟ್ಟಿ ಹಿಡಿದು ಒಬ್ಬರು ಹೊಲದ ಸುತ್ತ ಚೆಲ್ಲುತ್ತ ನಡೆದರೆ, ಇನ್ನೊಬ್ಬರು ಹಿಂದಿನಿಂದ ನೀರು ಚಿಮುಕಿಸುತ್ತ ಹೋಗಬೇಕು. ಹುಡುಗನ ತಾಯಿ ಬುಟ್ಟಿಯನ್ನು ಅಪ್ಪನ ಮುಂದೆ ಹಿಡಿದು, "ಅಣ್ಣಾರ, ಹಿರೇರು ಅಂತ ಇಲ್ಲಿ ನೀವ ಒಬ್ಬರು. ನಿಮ್ಮ ಕೈಲೆ ಆಗಲಿ" ಎಂದರು.

ಅಪ್ಪ ತಲೆಗೆ ಟವೆಲ್ ಸುತ್ತಿದರು. "ಹುಲ್ಲುಲಿಗೋ" ಎಂದು ಚರಗದ ಕೂಗಿಗೆ ದೊಡ್ಡ ದನಿ ತೆಗೆದು ಹಿಡಿಹಿಡಿಯಾಗಿ ಚೆಲ್ಲುತ್ತ ಟೊಮೆಟೊ ಸಾಲುಗಳ ಬದುವಿನ ಗುಂಟ ಹೊರಟರು. ಹಿಂದೆ ತಂಬಿಗೆ ಹಿಡಿದು ಮಾವಿನೆಲೆಯಿಂದ ನೀರು ಚಿಮುಕಿಸುತ್ತ ನಮ್ಮ ಶನಿವಾರದ ರೈತ. ಅಪ್ಪನ ಸೊಂಟನೋವು ಎಲ್ಲಿ ಹೋಗಿತ್ತೋ ಏನೋ! ಹಿಂತಿರುಗುವಾಗ ಕಾರಿನಲ್ಲಿ, "ಹುಡುಗ ನೀರು ಚಂದ ಹೊಡೀತಾನ" ಎಂದರು. ಅವ್ವ ನನ್ನ ತೊಡೆ ಚಿವುಟಿದಳು.

ಆಮೇಲೆ ಹುಡುಗನ ಆಫೀಸಿನಲ್ಲಿ ಏನೋ ದೊಡ್ಡ ಕೆಲಸ ಬಂತು. ಶನಿವಾರವೂ ಇಲ್ಲ, ಭಾನುವಾರವೂ ಇಲ್ಲ. ಹೊಲದ ಕಡೆ ತಲೆ ಹಾಕಲು ಪುರುಸೊತ್ತಿಲ್ಲ. ಆದರೆ ಬೋರ್‌ವೆಲ್ಲಿನ ಮೋಟರಿಗೆ ಅವನು ಮೊಬೈಲ್ ಜೋಡಿಸಿಟ್ಟಿದ್ದ. ಗಾಜಿನ ಕಟ್ಟಡದಲ್ಲಿ ಕೂತು ಗುಂಡಿ ಒತ್ತಿದರೆ ಸಾಕು, ಶಂಶಾಬಾದಿನಾಚೆ ಹೊಲಕ್ಕೆ ನೀರು ಹರಿಯುತ್ತಿತ್ತು. ಇದನ್ನು ಊಟದ ನಡುವೆ ನನಗೆ ಫೋನಿನಲ್ಲಿ ತೋರಿಸಿ ಜಂಬ ಬೇರೆ ಕೊಚ್ಚಿಕೊಂಡಿದ್ದ.

ಯುಗಾದಿ ಹತ್ತಿರ ಬಂದಾಗ ಅಪ್ಪ ಮೆತ್ತಗಾದರು. ಲೈಸೆನ್ಸಿನ ಸುದ್ದಿ ಇಲ್ಲ, ಆದರೂ ಹುಡುಗ ಮಾತಿನವನು ಎಂದು ಅವ್ವನ ಮುಂದೆ ಒಪ್ಪಿಕೊಂಡರು. "ಹೊಲ ಒಂದ್ಸಲ ನೋಡಿ ಬಂದು ಮಾತು ಮುಗಸೂಣು," ಎಂದರು. ಎಷ್ಟಾದರೂ ಅಬಕಾರಿಯವರು, ಮಗಳ ನಿಶ್ಚಯಕ್ಕೂ ಸ್ಥಳ ತನಿಖೆ ಆಗಲೇಬೇಕು. ಒಂದು ಭಾನುವಾರ ಬೆಳಿಗ್ಗೆ ಎರಡೂ ಮನೆಯವರು ಹೋದೆವು. ಅವ್ವ ಚೀಲದಲ್ಲಿ ಒಂದು ಡಬ್ಬಿ ಪೇಡೆ ಇಟ್ಟುಕೊಂಡಿದ್ದಳು.

ಅಪ್ಪ ಟೊಮೆಟೊ ಸಾಲಿಗೆ ಕಾಲಿಟ್ಟವರು ಅಲ್ಲೇ ನಿಂತರು. ಬಗ್ಗಿದರು. ಒಂದು ಎಲೆ ಕಿತ್ತು ತಿಕ್ಕಿದರು, ಮೂಸಿದರು. ಮೊಣಕಾಲೆತ್ತರದ ಗಿಡ, ಬೆರಳು ಚಾಚಿದ ಎಲೆ. ಅದರಾಚೆ ಇನ್ನೊಂದು, ಅದರಾಚೆ ಮತ್ತೊಂದು. ಚೆನ್ನಾಗಿ ನೀರುಂಡು ಹಸಿರಾಗಿ ನಿಂತಿದ್ದವು.

"ಖಲಾಸ್," ಎಂದರು ಅಪ್ಪ. ದನಿ ಎತ್ತರಿಸಲೂ ಇಲ್ಲ.

ಅವ್ವ ಪೇಡೆಯ ಚೀಲ ಎದೆಗವಚಿಕೊಂಡು ಬದುವಿನ ಮೇಲೆ ಕೂತುಬಿಟ್ಟಳು. ಹುಡುಗನ ಮುಖ ಬಿಳಿಚಿಕೊಂಡಿತ್ತು. ಅವನು ಗಿಡಗಳನ್ನು ನೋಡಿದ, ಆಮೇಲೆ ಮೂಲೆಯ ಪಾಂಡವರ ಕಲ್ಲುಗಳನ್ನು ನೋಡಿದ, ಆಮೇಲೆ ತಾಯಿಯನ್ನು. ತಾಯಿ ಏನೋ ಹೇಳಲು ಬಾಯಿ ತೆರೆದರು. "ಅವ್ವಾ, ನೀ ಸುಮ್ಮನಿರು," ಎಂದ. ಏನೋ ಮುಚ್ಚಿಡುತ್ತಿದ್ದಾನೆ! ನನಗೆ ಮೈಯೆಲ್ಲ ಉರಿದುಹೋಯಿತು. ಅಲ್ಲೇ ಎರಡು ಬಾರಿಸಿಬಿಡೋಣ ಎನಿಸಿತು.

ಅಪ್ಪ ತಮ್ಮ ಹಳೇ ಪ್ರಶ್ನೆ ಕೇಳಿದರು. "ಈ ಹೊಲ ಯಾರದು?"

"ನಂದ್ರಿ."

"ಗಿಡ ನಿಂತಿದ್ದು ನಿಮ್ಮ ಹದ್ದಿನಾಗೋ, ಬಾಜೂದವರ ಹದ್ದಿನಾಗೋ?"

"ಕಲ್ಲು ಅಲ್ಲೈತ್ರಿ, ಭಾಳ ದೂರ. ಗಿಡ ನನ್ನ ಹದ್ದಿನಾಗ ಅದಾವ. ನನ್ನವ ಅಂತ ಬರಕೋರಿ." ಅವನು ಫೋನ್ ತೆಗೆದ. "ಹೊಲದವನೇ ತಿಳಸಬೇಕು ಅಂತ ಕಾಯ್ದೆದಾಗ ಐತಿ, ನಿಮ್ಮ ಮಗಳೇ ಹೇಳ್ಯಾರ. ಅಬಕಾರಿ ಠಾಣೆಕ್ಕ ಫೋನ್ ಮಾಡ್ತೀನಿ." ನಮ್ಮೆಲ್ಲರೆದುರೇ ಮಾಡಿ, ತನ್ನ ಹೆಸರು, ಹೊಲದ ಗುರುತು ಎಲ್ಲ ತೆಲುಗಿನಲ್ಲಿ ಹೇಳಿದ.

ಅಪ್ಪ ಅವನನ್ನೇ ನೋಡುತ್ತ ನಿಂತರು. ಹದ್ದಿನ ಕಲ್ಲಿಗೆ ಕಾಲು ಬರುವುದನ್ನು ಕಾಯುತ್ತಿದ್ದವರಿಗೆ ಮುಂದಿನ ಮಾತೇ ಮರೆತಂತಿತ್ತು. ಆದರೆ ಆಡಿದ ಮಾತು ಆಡಿದ ಮಾತೇ. ಕೆಮ್ಮಿ, ನನ್ನ ಕಡೆ ತಿರುಗಿ, "ಕಾಗದ ತಗಿ. ಪಂಚನಾಮೆ ಬರಿ. ಠಾಣೆದವರು ತೆಲುಗಿನಾಗ ಬರಕೊಳ್ಳಲಿ, ನಾವು ನಮ್ಮ ಮಾತಿನಾಗ ಬರಿಯೋಣು" ಎಂದರು. ನಿವೃತ್ತರಾದವರಿಗೆ ಪಂಚನಾಮೆ ಬರೆಸುವ ಅಧಿಕಾರ ಎಲ್ಲಿಯದು ಎಂದು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ. ಅವರು ಹೇಳುತ್ತ ಹೋದರು, ನಾನು ಮೂಗು ಒರೆಸಿಕೊಳ್ಳುತ್ತ ಬರೆಯುತ್ತ ಹೋದೆ. ನನ್ನ ಮದುವೆ ಮುರಿದ ಕಾಗದವನ್ನು ನನ್ನ ಕೈಯಿಂದಲೇ ಬರೆಸುತ್ತಿದ್ದಾರಲ್ಲ, ಇಂಥ ತಂದೆ ಯಾರಿಗಾದರೂ ಇರುತ್ತಾರೆಯೇ?

ಅಷ್ಟರಲ್ಲಿ ಠಾಣೆಯ ಜವಾನನೊಬ್ಬ ಮೋಟರ್ ಸೈಕಲ್ಲಿನಲ್ಲಿ ಬಂದಿಳಿದ. ಅಪ್ಪನ ಕೈಕೆಳಗೆ ಕೆಲಸ ಮಾಡಿದ್ದವನು. ಗಿಡ ನೋಡುವುದು ಬಿಟ್ಟು ಮೊದಲು ಅವರಿಗೆ ಸೆಲ್ಯೂಟ್ ಹೊಡೆದ. ಅಪ್ಪನಿಗೆ ಅದರಿಂದ ಇನ್ನಷ್ಟು ಬಲ ಬಂತು.

"ಬಿತ್ತಿದವರು ಯಾರು?" ಎಂದು ಹುಡುಗನನ್ನು ಕೇಳಿದರು.

ಅವನು ತಾಯಿಯ ಕಡೆ ನೋಡದೆ, "ನನ್ನ ಹೆಸರ ಹಾಕ್ರಿ," ಎಂದ.

ಅವನ ತಾಯಿಗೆ ಇನ್ನು ತಡೆಯಲಾಗಲಿಲ್ಲ. "ಸುಮ್ಮನಿರು ಸುಮ್ಮನಿರು ಅಂದ್ರ ಎಷ್ಟೊತ್ತು ಸುಮ್ಮನಿರ್ಲೋ? ಅಣ್ಣಾರ, ಅವ ಬಿತ್ತಿಲ್ಲ್ರಿ. ಎಳ್ಳಮಾಸಿ ದಿನ ಚರಗಕ್ಕ ಮನ್ಯಾಗಿನ ಕಾಳೆಲ್ಲ ಒಂದೊಂದು ಹಿಡಿ ಹಾಕ್ಬೇಕಲ್ಲ್ರಿ? ಅಟ್ಟದ ಮ್ಯಾಲಿನ ಡಬ್ಬಿ ನನ್ನ ಕಣ್ಣಿಗೆ ಬಿತ್ತು. ಭೂಮ್ತಾಯಿಗೆ ಬ್ಯಾಡ ಅನಬಾರದು ಅಂತ ಅದರಾಗಿಂದೂ ಒಂದ ಹಿಡಿ ಹಾಕಿದ್ನಿ. ಇವ ಈಗ ನೋಡಿದ ಕೂಡಲೆ ತಿಳಕೊಂಡಾನ, ನಿಮ್ಮ ಮರ್ಯಾದಿ ಹೋಗ್ತೈತಂತ ಬಾಯಿ ಬಿಡವಲ್ಲ."

"ನನ್ನ ಮರ್ಯಾದಿ ಯಾಕ ಹೋಗ್ತೈತ್ರಿ?" ಎಂದು ಕೇಳುತ್ತಲೇ ಅಪ್ಪ ತಿರುಗಿ ಹೊಲ ನೋಡಿದರು.

ನಾನೂ ನೋಡಿದೆ. ಪಾಂಡವರ ಕಲ್ಲಿನಿಂದ ಹೊರಟು, ಬದುವಿನ ಗುಂಟ, ಟೊಮೆಟೊ ಸಾಲು ಸುತ್ತಿ, ಧೋತರ ಉಟ್ಟು ಟವೆಲ್ ಸುತ್ತಿದ ಮನುಷ್ಯ ನಡೆದ ದಾರಿಯಲ್ಲೇ ಅಲ್ಲೊಂದು ಇಲ್ಲೊಂದು ಗಿಡ ನಿಂತಿತ್ತು. ಕೈ ಬೀಸಿದ ಕಡೆ ಒತ್ತಾಗಿ, ಉಸಿರು ತೆಗೆದುಕೊಂಡ ಕಡೆ ಖಾಲಿ.

ಮೊದಲು ನಕ್ಕವಳು ಅವ್ವ. ಸೆರಗು ಬಾಯಿಗಿಟ್ಟುಕೊಂಡರೂ ತಡೆಯಲಾಗದೆ, "ಸರ್ವೀಸಿನಾಗ ಕಿತ್ತಿದ್ದಕ್ಕ ಲೆಕ್ಕ ಇಲ್ಲ, ರಿಟೈರ್ ಆಗಿ ಬಿತ್ತಿದ್ರಲ್ಲ್ರೀ!" ಎಂದಳು. ಕನ್ನಡ ಬಾರದ ಜವಾನ ಏನಾಯಿತೆಂದು ಕೇಳಿದ. ಅಪ್ಪ ಕೆಂಪಗಾಗಿ, ಅವನ ಕಿವಿಯಲ್ಲಿ ತೆಲುಗಿನಲ್ಲಿ ಹೇಳಿದರು. ಅವನು ನಗಲಾರದೆ, ನಗದೆ ಇರಲಾರದೆ, ಗಿಡಗಳನ್ನು ಕಿತ್ತು ಸುಡುತ್ತೇನೆಂದೂ, ಬೀಜ ಬಿದ್ದು ತಾನಾಗಿ ಹುಟ್ಟಿದ್ದು, ಹೊಲದವನೇ ತಿಳಿಸಿದ್ದು ಎಂದು ಬರೆದುಕೊಳ್ಳುತ್ತೇನೆಂದೂ, ಸಾಹೇಬರು ಬರೆಸಿದ ಈ ಕಾಗದವನ್ನು ಹರಿದುಹಾಕಿಬಿಡೋಣವೆಂದೂ ಹೇಳಿದ.

"ಪಂಚನಾಮೆ ಹರಿಯೂದಾ?" ಅಪ್ಪ ಗುಡುಗಿದರು. "ಸರ್ವೀಸಿನಾಗ ಒಂದೂ ಹರದಿಲ್ಲ." ನನ್ನ ಕಡೆ ತಿರುಗಿದರು. "ಎಲ್ಲಿಗಿ ಬಂದಿತ್ತು? ಓದು."

"ಬಿತ್ತಿದವರು," ಎಂದು ಓದಿ, ಅವರ ಹುದ್ದೆ ಬರೆಯಲು ಶುರು ಮಾಡಿದೆ. ಅಪ್ಪ ಬಗ್ಗಿ ನೋಡಿದರು.

"ಹಂಗಲ್ಲ, ಹಂಗಲ್ಲ. ಇಲಾಖಿ ಮಾನ ಯಾಕ ಕಳೀತಿ? ಹೊಡಿ ಅದನ್ನ." ಟವೆಲ್ಲಿನಿಂದ ಮುಖ ಒರೆಸಿಕೊಂಡರು. ತುಸು ಹೊತ್ತು ಹೊಲದ ಕಡೆ ನೋಡಿದರು, ಆಮೇಲೆ ಆ ಹುಡುಗನ ಕಡೆ. "ಬಿತ್ತಿದವರು, ಹುಡುಗಿ ಅಪ್ಪ. ನೀರು ಹಾಕಿದವರು, ಅಳಿಯ. ಬರದೇನು?"

ಬರೆದೆ. ಅವ್ವ ಪೇಡೆಯ ಡಬ್ಬಿ ಬಿಚ್ಚಿ, ಮೊದಲನೆಯದನ್ನು ಜವಾನನ ಕೈಗಿಟ್ಟಳು.